ಮಗುವಿನ ಅಂಗಿಯನ್ನು ಒಳಮಗ್ಗುಲಿನಿಂದ ನೋಡುವುದು ಹೇಗೆ?

ಮಕ್ಕಳ ಬಟ್ಟೆ ಕೈಗೆ ಬಂದೊಡನೆ ನಾನು ಮೊದಲು ಅದನ್ನು ತಿರುವಿ ಹಾಕುತ್ತೇನೆ. ಹೊರಮೈಯಲ್ಲಿ ಚಿಟ್ಟೆ, ಮೊಲ, ಕಾಮನಬಿಲ್ಲು ಏನೇ ಇರಲಿ, ಅದು ಮುದ್ರಣದವರ ಕೈಚಳಕ. ಆ ಬಟ್ಟೆಯನ್ನು ಯಾರ ಮೈಯನ್ನು ನೆನೆದು ಕತ್ತರಿಸಿದ್ದಾರೆ ಎಂಬುದು ಒಳಗಿನ ಹೊಲಿಗೆಯಲ್ಲಿ ಗೊತ್ತಾಗುತ್ತದೆ. ಮಕ್ಕಳ ಉಡುಪಿಗೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬಳಸುವ ಅಳತೆಯ ಮಾದರಿ, ಕತ್ತರಿಸುವುದೇ ನನ್ನ ಕಸುಬಾದ್ದರಿಂದ ನನಗಿದು ಸಲೀಸು. ಸೂಜಿಗೆ ದಾರ ಪೋಣಿಸಲು ಬಾರದವರಿಗೂ ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ವಯಸ್ಸಿಗೆ ಒಪ್ಪದ ಬಟ್ಟೆ ಎಂಬ ಮಾತು ಬಂದರೆ ಮನೆಯಲ್ಲಿ ಬೇಗ ಜಗಳವಾಗುತ್ತದೆ. ಒಬ್ಬರಿಗೆ ಅದು ಮಾನಮರ್ಯಾದೆಯ ವಿಚಾರ, ಇನ್ನೊಬ್ಬರಿಗೆ ಸ್ವಾತಂತ್ರ್ಯದ ವಿಚಾರ. ಇಬ್ಬರ ನಡುವೆ ನಿಂತ ಐದು ವರ್ಷದ ಹುಡುಗಿಗೆ ಮಾತ್ರ ತನ್ನ ಮೈಯಲ್ಲೇ ಏನೋ ಕುಂದಿದೆ ಎಂಬ ಅನುಮಾನ ಶುರುವಾಗುತ್ತದೆ. ಬರೀ ಚಡ್ಡಿಯಲ್ಲಿ ನೀರೆರಚಿಕೊಂಡು ಕುಣಿಯುವ ಮಗುವಿನಲ್ಲಿ ವಯಸ್ಸಿಗೆ ಒಪ್ಪದ್ದು ಏನೇನೂ ಇಲ್ಲ. ಹಾಗಾಗಿ ಎಷ್ಟು ಮೈ ಕಾಣುತ್ತದೆ ಎಂದು ನಾನು ಲೆಕ್ಕ ಹಾಕುವುದಿಲ್ಲ. ದೊಡ್ಡವರ ಮೈಕಟ್ಟನ್ನು ಮಗುವಿನ ಮೇಲೆ ಹೊರಿಸಿದ್ದಾರೆಯೇ ಎಂದು ನೋಡುತ್ತೇನೆ, ಆಮೇಲೆ ಅದನ್ನು ತೊಟ್ಟ ಮಗು ಓಡಬಲ್ಲದೇ ಎಂದು ನೋಡುತ್ತೇನೆ. ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕಟ್ಟಿಂಗ್ ಓದುವುದು

ನಾಲ್ಕು ವರ್ಷದ ಮಗುವಿನ ಅಳತೆ ತೆಗೆದುಕೊಳ್ಳಿ. ಸುಮಾರು 104 ಸೆಂ.ಮೀ. ಎತ್ತರಕ್ಕೆ ಎದೆಯ ಸುತ್ತಳತೆ 56–57 ಸೆಂ.ಮೀ., ಸೊಂಟ 53–54 ಸೆಂ.ಮೀ. ಇರುತ್ತದೆ. ವ್ಯತ್ಯಾಸ ಮೂರು ಸೆಂಟಿಮೀಟರಿನ ಆಸುಪಾಸು. ಹೊಟ್ಟೆ ತುಂಬ ಉಂಡ ಮೇಲೆ ಅಳೆದರೆ ಅದೂ ಇಲ್ಲ! ದೊಡ್ಡ ಹೆಂಗಸರ ಅಳತೆಪಟ್ಟಿಗಳಲ್ಲಿ ಎದೆಗೂ ಸೊಂಟಕ್ಕೂ ಹದಿನೆಂಟು ಇಪ್ಪತ್ತು ಸೆಂಟಿಮೀಟರ್ ಅಂತರವಿರುವುದು ಸಾಮಾನ್ಯ. ಆದ್ದರಿಂದ ಪುಟ್ಟ ಮಕ್ಕಳ ಅಂಗಿ ಕಂಕುಳಿನಿಂದ ಕೆಳಗೆ ನೇರವಾಗಿ ಇಳಿಯಬೇಕು, ಇಲ್ಲವೇ ಅಗಲವಾಗುತ್ತ ಹೋಗಬೇಕು. ಅಂಗಿಯನ್ನು ಮೇಜಿನ ಮೇಲೆ ಹರಡಿ ಪಕ್ಕದ ಹೊಲಿಗೆಯನ್ನು ಗಮನಿಸಿ. ಅದು ನಡುವಿನಲ್ಲಿ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಬಂದಿದ್ದರೆ, ಮಗುವಿಗಿಲ್ಲದ ಸೊಂಟವೊಂದನ್ನು ಯಾರೋ ಬಟ್ಟೆಯಲ್ಲಿ ಬರೆದಿದ್ದಾರೆ ಎಂದು ತಿಳಿಯಿರಿ.

ಎದೆಯ ಭಾಗಕ್ಕೆ ಬನ್ನಿ. ಪಕ್ಕದಿಂದಲೋ ಕೆಳಗಿನಿಂದಲೋ ಎದೆಯ ಕಡೆಗೆ ಮೊನಚಾಗಿ ಹೋಗುವ ಮಡಿಕೆ ಹೊಲಿಗೆಗೆ ನಾವು ಡಾರ್ಟ್ ಎನ್ನುತ್ತೇವೆ. ಚಪ್ಪಟೆ ಬಟ್ಟೆಯನ್ನು ಉಬ್ಬಿನ ಮೇಲೆ ಕೂರಿಸಲೆಂದೇ ಅದು ಇರುವುದು. ಆರು ವರ್ಷದ ಮಗುವಿನ ಎದೆಯಲ್ಲಿ ಡಾರ್ಟಿಗೆ ಕೆಲಸವೇ ಇಲ್ಲ. ಇನ್ನು ಸ್ಪಂಜು. ಈಜುಡುಗೆ, ಒಳ ಅಂಗಿ, ಪಾರ್ಟಿ ಫ್ರಾಕುಗಳಲ್ಲಿ ಎದೆಯ ಬಳಿ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ. ಹೊರಬಟ್ಟೆ, ಅಸ್ತರು ಎರಡೇ ಪದರ ಸರಿದಾಡಬೇಕು. ನಡುವೆ ಮೆತ್ತನೆಯ ಮೂರನೆಯದೊಂದು ಸಿಕ್ಕಿದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಇದು ನನ್ನ ಕಲ್ಪನೆಯ ಭೂತವಲ್ಲ. 2010ರಲ್ಲಿ ಬ್ರಿಟನ್ನಿನಲ್ಲಿ ಪ್ರೈಮಾರ್ಕ್ ಎಂಬ ಉಡುಪು ಮಳಿಗೆಗಳ ಕಂಪನಿ ಏಳರ ಹರೆಯದ ಹುಡುಗಿಯರ ಅಳತೆಯಲ್ಲಿ ಸ್ಪಂಜು ತುಂಬಿದ ಬಿಕಿನಿ ಮಾರಿ, ಜನ ರೇಗಿದ ಮೇಲೆ ಹಿಂತೆಗೆದುಕೊಂಡು ಕ್ಷಮೆ ಕೇಳಿತು. ಮರುವರ್ಷವೇ ಅಮೆರಿಕದ ಅಬರ್‌ಕ್ರೋಂಬಿ ಕಂಪನಿಯ ಮಕ್ಕಳ ವಿಭಾಗದಲ್ಲೂ ಅಂಥದೇ ಮಾಲು ಕಾಣಿಸಿಕೊಂಡು ಅಂಥದೇ ಗಲಾಟೆಯಾಯಿತು.

ಇಷ್ಟು ಢಾಳಾದ ವಸ್ತು ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿರುವುದು ಬೆರಕೆ ಮಾಲು. ಅಮೆರಿಕದ ಹದಿನೈದು ಮಳಿಗೆಗಳ ಹುಡುಗಿಯರ ಉಡುಪುಗಳನ್ನು ಸಂಶೋಧಕರು ಒಂದೊಂದಾಗಿ ವಿಂಗಡಿಸಿ 2011ರಲ್ಲಿ ಲೆಕ್ಕ ಕೊಟ್ಟಿದ್ದಾರೆ. 5,666 ಉಡುಪುಗಳಲ್ಲಿ ಬರೀ ದೊಡ್ಡವರ ಲೈಂಗಿಕ ಲಕ್ಷಣವಿದ್ದವು ಶೇ. 4ರಷ್ಟು ಮಾತ್ರ. ಆ ಲಕ್ಷಣವೂ ಮಗುತನದ ಲಕ್ಷಣವೂ ಕೂಡಿಕೊಂಡಿದ್ದವು ಶೇ. 25ರಷ್ಟು. ನನ್ನ ಕಸುಬಿನವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಟ್ಟಿಂಗ್ ದೊಡ್ಡವರದು, ಬಣ್ಣ ಮತ್ತು ಚಿತ್ರ ಮಕ್ಕಳದು. ಹೆತ್ತವರ ಕಣ್ಣು ಚಿಟ್ಟೆಯ ಮೇಲೆ ಕೂರುತ್ತದೆ, ಬಿಲ್ ಆಗುತ್ತದೆ.

ಪ್ಯಾಂಟು, ಚಡ್ಡಿಗಳಿಗೆ ಬೇರೆ ಪರೀಕ್ಷೆ. ನಡುವಿನ ಹೊಲಿಗೆಯ ಗುಂಟ ಅರ್ಧಕ್ಕೆ ಮಡಚಿ, ಮುಂಪಟ್ಟಿ ಹಿಂಪಟ್ಟಿ ಹೋಲಿಸಿ. ಹಿಂಭಾಗ ಮುಂಭಾಗಕ್ಕಿಂತ ಎದ್ದು ಕಾಣುವಷ್ಟು ಎತ್ತರವಿರಬೇಕು. ಮಕ್ಕಳು ದಿನಕ್ಕೆ ನೂರು ಸಲ ಕುಕ್ಕರುಗಾಲಲ್ಲಿ ಕೂರುತ್ತಾರೆ. ಹಿಂಭಾಗ ತಗ್ಗಾಗಿದ್ದರೆ ಕೂತಾಗಲೆಲ್ಲ ಪಟ್ಟಿ ಜಾರಿ ಒಳಚಡ್ಡಿ ಕಾಣುತ್ತದೆ. ಆಮೇಲೆ ಯಾರೋ ‘ಸರಿಯಾಗಿ ಕೂರು’ ಎಂದು ಮಗುವನ್ನು ಗದರುತ್ತಾರೆ. ತಪ್ಪು ಕತ್ತರಿಯದು, ಬೈಗುಳ ಮಗುವಿಗೆ.

ಇನ್ನೊಂದು ಪ್ರಯೋಗ ನನಗೆ ಬಲು ಇಷ್ಟ. ಒಂದೇ ವಯಸ್ಸಿನ ಚೀಟಿಯಿರುವ ಹುಡುಗರ ಚಡ್ಡಿಯನ್ನೂ ಹುಡುಗಿಯರ ಚಡ್ಡಿಯನ್ನೂ ಒಂದರ ಮೇಲೊಂದು ಇಟ್ಟು ನೋಡಿ. ತೊಡೆಯ ಒಳಹೊಲಿಗೆಯ ಉದ್ದ, ಕಾಲಿನ ಅಗಲ, ಜೇಬಿನ ಆಳ ಮೂರನ್ನೂ ಬೆರಳಲ್ಲಿ ಅಳೆಯಿರಿ. ಆ ವಯಸ್ಸಿನಲ್ಲಿ ಹುಡುಗ ಹುಡುಗಿಯ ಮೈ ಅಳತೆ ಹೆಚ್ಚುಕಡಿಮೆ ಒಂದೇ. ಚಡ್ಡಿಗಳ ಅಳತೆ ಒಂದೇ ಆಗಿರದಿದ್ದರೆ ಕಾರಣ ಮೈಯಲ್ಲಿಲ್ಲ ಎಂದಾಯಿತು. ಹುಡುಗರ ವಿಭಾಗದಿಂದಲೇ ಚಡ್ಡಿ ತಂದು ಹುಡುಗಿಗೆ ತೊಡಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ಜೇಬು ಸಿಕ್ಕಿದ್ದಕ್ಕೆ ಅವಳು ಕುಣಿಯುತ್ತಾಳೆ, ಅಷ್ಟೇ.

ತೊಡಿಸಿ ನೋಡುವಾಗ ಕನ್ನಡಿಯ ಮುಂದೆ ನಿಲ್ಲಿಸಬೇಡಿ. ಎರಡೂ ಕೈ ಮೇಲೆತ್ತಲು ಹೇಳಿ, ಕುಕ್ಕರುಗಾಲಲ್ಲಿ ಕೂರಿಸಿ, ಚಕ್ಕಳಮಕ್ಕಳ ಹಾಕಿಸಿ, ಉದ್ದನೆಯ ಹೆಜ್ಜೆ ಇಡಿಸಿ. ಶೌಚಾಲಯದಲ್ಲಿ ತಾನೇ ಬಿಚ್ಚಿ ತಾನೇ ಹಾಕಿಕೊಳ್ಳಲು ಬರುತ್ತದೆಯೇ ಎಂದೂ ನೋಡಿ. ಈ ಹೊತ್ತಿನಲ್ಲಿ ಮಗುವಿನ ಮುಖಕ್ಕಿಂತ ಕೈಗಳ ಮೇಲೆ ಕಣ್ಣಿಡಿ. ಮುಖ ಹೊಸ ಬಟ್ಟೆಯ ಖುಷಿಯಲ್ಲಿರುತ್ತದೆ. ಕೈ ಮಾತ್ರ ಮತ್ತೆ ಮತ್ತೆ ಅಂಚನ್ನು ಕೆಳಗೆಳೆಯುವುದು, ಹೆಗಲಿನ ಪಟ್ಟಿಯನ್ನು ಮೇಲೇರಿಸುವುದು ಮಾಡುತ್ತಿದ್ದರೆ ಆ ಬಟ್ಟೆ ಬೇಡ. ಆಡುವ ಮಗುವಿಗೆ ಬಟ್ಟೆಯನ್ನು ಕಾಯುವ ಕೆಲಸ ಕೊಡಬಾರದು.

ಲಾಡಿ, ಹೀಲು, ಬರಹ

ತಲೆಟೋಪಿಯ ಅಂಗಿಗಳಲ್ಲಿ ಕೊರಳಿನ ಬಳಿ ಇಳಿಬಿಟ್ಟ ಲಾಡಿ ದೊಡ್ಡವರ ಫ್ಯಾಷನ್ನಿನಿಂದ ಇಳಿದುಬಂದದ್ದು. ಜಾರುಬಂಡಿಯ ಸಂದಿಯಲ್ಲಿ, ಬಸ್ಸಿನ ಬಾಗಿಲಲ್ಲಿ ಲಾಡಿ ಸಿಕ್ಕಿಕೊಂಡು ಮಕ್ಕಳು ಸತ್ತಿದ್ದಾರೆ. ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ 1996ರಲ್ಲಿ ಇದರ ಬಗ್ಗೆ ಮಾರ್ಗಸೂಚಿ ತಂದಿತು. ಯುರೋಪಿನ ಇಎನ್ 14682 ಮಾನದಂಡದ ಪ್ರಕಾರ ಏಳು ವರ್ಷದೊಳಗಿನವರ ಉಡುಪಿನಲ್ಲಿ ಕೊರಳು, ತಲೆಟೋಪಿಗೆ ಲಾಡಿ ಇರಲೇಕೂಡದು. ಮನೆಯಲ್ಲಿ ಅಂಥದಿದ್ದರೆ ಇವತ್ತೇ ಎಳೆದು ತೆಗೆಯಿರಿ. ಇದರಲ್ಲಿ ಅಭಿರುಚಿಯ ಪ್ರಶ್ನೆಯೇ ಇಲ್ಲ.

ಹೀಲಿನ ಚಪ್ಪಲಿಯದೂ ಹೀಗೇ. ಪಾದದ ಮೂಳೆಗಳು ಹದಿಹರೆಯದವರೆಗೂ ಬಲಿಯುತ್ತಲೇ ಇರುತ್ತವೆ. ಎತ್ತರದ ಹಿಮ್ಮಡಿ ಭಾರವನ್ನೆಲ್ಲ ಬೆರಳುಗಳ ಕಡೆಗೆ ತಳ್ಳುತ್ತದೆ. ಅಮ್ಮನ ಹೀಲು ಮೆಟ್ಟಿಕೊಂಡು ಮನೆಯೊಳಗೆ ಟಕಟಕ ಓಡಾಡುವುದು ಬೇರೆ ಮಾತು. ಅದು ಆಟ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ದೊಡ್ಡ ಚಪ್ಪಲಿಯಲ್ಲಿ ಪುಟ್ಟ ಪಾದ ಮುಳುಗಿರುವುದೇ ಅದರ ತಮಾಷೆ. ಅದೇ ಹೀಲನ್ನು ಮಗುವಿನ ಪಾದದ ಅಳತೆಗೆ ತಯಾರಿಸಿ ಪೆಟ್ಟಿಗೆಯಲ್ಲಿಟ್ಟು ಮಾರಿದಾಗ ಆಟ ಹೋಗಿ ಉಡುಪಾಗುತ್ತದೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಕಾರ್ಯಪಡೆಯು 2007ರ ವರದಿಯಲ್ಲಿ ಎಳೆದ ಗೆರೆಯೂ ಹೆಚ್ಚುಕಡಿಮೆ ಇಂಥದೇ. ದೊಡ್ಡವರ ಲೈಂಗಿಕತೆಯನ್ನು ಮಕ್ಕಳ ಮೇಲೆ ಹೊರಗಿನಿಂದ ಹೇರುವುದನ್ನು ಅದು ಆಕ್ಷೇಪಿಸಿತು. ಮೈಬಗೆಗಿನ ಅಸಮಾಧಾನ, ಊಟದ ತೊಂದರೆಗಳು, ಖಿನ್ನತೆ ಮುಂತಾದವುಗಳ ಜೊತೆ ಅದಕ್ಕಿರುವ ನಂಟನ್ನೂ ತೋರಿಸಿತು.

ಅಂಗಿಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ. ಓದಲು ಬಾರದ ಮಗುವಿನ ಎದೆಯ ಮೇಲೆ ದೊಡ್ಡವರಿಗೆ ನಗು ಬರಿಸುವ ಸಾಲು ಬರೆಯುವುದು ನನಗಂತೂ ಹೇಡಿತನದ ತಮಾಷೆ ಎನಿಸುತ್ತದೆ. ‘ನಾನೆಷ್ಟು ಚೆಂದ ಎಂದರೆ ಹೋಮ್‌ವರ್ಕ್ ಮಾಡಲಾರೆ, ಅದಕ್ಕೆ ನನ್ನ ಅಣ್ಣತಮ್ಮ ಇದ್ದಾನೆ’ ಎಂಬ ಅರ್ಥದ ಅಂಗಿಯನ್ನು ಅಮೆರಿಕದ ಮಳಿಗೆಗಳ ಕಂಪನಿ ಜೆಸಿ ಪೆನ್ನಿ 2011ರಲ್ಲಿ ಹುಡುಗಿಯರಿಗೆ ಮಾರಲು ಹೋಗಿ ವಾಪಸು ತೆಗೆದುಕೊಂಡಿತು. ಹುಡುಗರ ಪಾಲಿಗೆ ಬರುವ ಸಾಲುಗಳು ಬೇರೆ: ಹುಡುಗಿಯರ ಎದೆ ಒಡೆಯುವವನು, ತುಂಟರ ಸರದಾರ, ಇತ್ಯಾದಿ. ವೇಷದ ಉಡುಪುಗಳಲ್ಲಿ ಹುಡುಗರ ಎದೆ, ತೋಳುಗಳಿಗೂ ಸ್ಪಂಜಿನ ಮಾಂಸಖಂಡ ತುಂಬುತ್ತಾರೆ. ಅದೂ ಅದೇ ಸ್ಪಂಜು. ಹುಡುಗರ ಬಗ್ಗೆ ಯಾರೂ ಗೊಣಗುವುದಿಲ್ಲವೆಂಬುದೊಂದೇ ವ್ಯತ್ಯಾಸ.

ಮಾರುವವರ ಜಾಣತನ

ಜಾಹೀರಾತಿನ ಉದ್ದೇಶವೇ ಮರುಳು ಮಾಡಿ ಕೊಳ್ಳುವಂತೆ ಮಾಡುವುದು ಎಂಬುದು ಸುಮಾರು ಎಂಟು ವರ್ಷದೊಳಗಿನ ಮಕ್ಕಳಿಗೆ ತಿಳಿಯುವುದಿಲ್ಲ. ಮನೋವಿಜ್ಞಾನಿಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1980ರಿಂದಲೇ ಹದಿಮೂರು ವರ್ಷದೊಳಗಿನವರನ್ನು ಗುರಿಯಾಗಿಸಿದ ವಾಣಿಜ್ಯ ಜಾಹೀರಾತನ್ನು ನಿಷೇಧಿಸಿದೆ. ಸ್ವೀಡನ್ 1991ರಲ್ಲಿ ಹನ್ನೆರಡರೊಳಗಿನವರಿಗೆ ಟಿ.ವಿ. ಜಾಹೀರಾತನ್ನು ನಿಲ್ಲಿಸಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹದಿನೆಂಟರೊಳಗಿನವರ ಜಾಡು ಹಿಡಿದು ಜಾಹೀರಾತು ತೋರಿಸುವುದಕ್ಕೆ ನಿಷೇಧದ ಕಲಮು ಹೊಂದಿದೆ. ಆದರೆ ಕಾನೂನು ಟಿ.ವಿ.ಯ ಬಾಗಿಲು ಕಾಯುತ್ತಿರುವಾಗ ಮಾಲು ಮೊಬೈಲಿನ ಹಿತ್ತಿಲಿನಿಂದ ಮನೆಯೊಳಗೆ ಬಂದಿರುತ್ತದೆ. ಪೆಟ್ಟಿಗೆ ಬಿಚ್ಚುವ ವೀಡಿಯೊದಲ್ಲಿ ಮಗುವಿನ ವಯಸ್ಸಿನದೇ ಹುಡುಗಿ ತುಟಿಗೆ ಬಣ್ಣ ಹಚ್ಚಿ ‘ನನ್ನ ಬೆಳಗಿನ ತಯಾರಿ’ ತೋರಿಸುತ್ತಾಳೆ. ಆಟದ ಆ್ಯಪಿನೊಳಗೆ ಗೊಂಬೆಗೆ ಉಡುಪು ಕೊಳ್ಳುವ ಅಂಗಡಿ ತೆರೆದಿರುತ್ತದೆ. ನೋಡುವ ಮಗುವಿಗೆ ಅವೆಲ್ಲ ಗೆಳತಿಯ ಮಾತು.

ಮನೆಯಲ್ಲಿ ಮಾಡಬಹುದಾದದ್ದು ಸರಳ. ಒಂದು ವೀಡಿಯೊ ಮುಗಿದೊಡನೆ ಇನ್ನೊಂದು ತಾನೇ ಶುರುವಾಗುವುದನ್ನು ನಿಲ್ಲಿಸಿ. ನಿಮ್ಮ ಹೆಸರಿನ ಖಾತೆಯಿರುವ ಮೊಬೈಲನ್ನು ಮಗುವಿಗೆ ಕೊಡಬೇಡಿ, ಅದಕ್ಕೆ ನಿಮ್ಮ ವಯಸ್ಸಿನ ಜಾಹೀರಾತು ಬರುತ್ತದೆ. ಆಟದ ಆ್ಯಪಿನಲ್ಲಿ ದುಡ್ಡು ಕೊಡುವ ದಾರಿಗೆ ಪಾಸ್‌ವರ್ಡ್ ಹಾಕಿ. ಇದೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ನಾನು ಮಕ್ಕಳ ಜೊತೆ ಆಡುವ ಒಂದು ಪತ್ತೇದಾರಿ. ವೀಡಿಯೊ ನೋಡುತ್ತ ಪಕ್ಕದಲ್ಲಿ ಕುಳಿತು ‘ಇದರಲ್ಲಿ ಮಾರುತ್ತಿರುವುದು ಏನು, ಕಂಡುಹಿಡಿ ನೋಡೋಣ’ ಎನ್ನುತ್ತೇನೆ. ನನ್ನ ತಂಗಿಯ ಮಗಳು ಮೊದಮೊದಲು ‘ಏನೂ ಇಲ್ಲ ದೊಡ್ಡಮ್ಮ, ಆಡುತ್ತಿದ್ದಾರೆ’ ಎನ್ನುತ್ತಿದ್ದಳು. ಈಗ ಅವಳೇ ಬಂದು ‘ದೊಡ್ಡಮ್ಮ, ಆ ಅಕ್ಕ ಪೆಟ್ಟಿಗೆಯ ಹೆಸರನ್ನು ಎಷ್ಟು ಸಲ ತೋರಿಸಿದಳು ಗೊತ್ತೇ?’ ಎಂದು ಎಣಿಕೆ ಒಪ್ಪಿಸುತ್ತಾಳೆ. ಮಕ್ಕಳಿಗೆ ತಾವು ಮೋಸಹೋಗುವುದು ಎಷ್ಟೂ ಇಷ್ಟವಿಲ್ಲ. ಆ ಸಿಟ್ಟು ನಿಮ್ಮ ನೂರು ಬುದ್ಧಿಮಾತಿಗಿಂತ ಬಲವಾದದ್ದು.

ಬಟ್ಟೆಯ ಬೆನ್ನಿಗೇ ಈಗ ಮುಖದ ಕ್ರೀಮುಗಳು ಬಂದಿವೆ. ಸುಕ್ಕು ತಡೆಯುವ ರೆಟಿನಾಲ್, ಆಮ್ಲಗಳಿರುವ ದ್ರವಗಳು ಮಕ್ಕಳ ಎಳೆಯ ಚರ್ಮವನ್ನು ಸುಟ್ಟಂತೆ ಕೆಂಪಾಗಿಸಬಲ್ಲವು. 2024ರಲ್ಲಿ ಸ್ವೀಡನ್ನಿನ ಔಷಧಿ ಅಂಗಡಿಗಳ ಸರಣಿಯೊಂದು ಇಂಥವನ್ನು ಹದಿನೈದರೊಳಗಿನವರಿಗೆ ಮಾರುವುದಿಲ್ಲ ಎಂದಿತು. ಸುಕ್ಕೇ ಇಲ್ಲದವರಿಗೆ ಸುಕ್ಕಿನ ಔಷಧಿ ಮಾರುವ ವ್ಯಾಪಾರಕ್ಕೆ ಇನ್ನೇನು ಹೇಳಲಿ.

‘ನಿಮ್ಮ ಮುದ್ದು ಮಗುವಿನ ಫೋಟೊ ಕಳಿಸಿ, ಮಾಡೆಲ್ ಆಗಿಸಿ’ ಎಂಬ ಸ್ಪರ್ಧೆಗಳಿಗೆ ನನ್ನದು ಒಂದೇ ಉತ್ತರ: ಕಳಿಸಬೇಡಿ.

ಮಗುವಿಗೆ ಬೇಡ ಎನ್ನುವ ಬಗೆ

‘ಅಸಹ್ಯ’, ‘ನಾಚಿಕೆಯಾಗುವುದಿಲ್ಲವೇ’, ‘ನೋಡಿದವರು ಏನೆಂದುಕೊಂಡಾರು’ ಎಂಬ ಮೂರು ಮಾತುಗಳನ್ನು ಬಾಯಿಂದ ಹೊರಡಿಸಬೇಡಿ. ಮೂರೂ ಮಗುವಿನ ಮೈಯನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತವೆ. ಬಟ್ಟೆಯ ಬಗ್ಗೆ ಮಾತನಾಡಿ. ‘ಇದನ್ನು ಹಾಕಿಕೊಂಡು ತಲೆಕೆಳಗಾಗಿ ನೇತಾಡಲು ಆಗುತ್ತದೆಯೇ?’ ‘ಈ ಚಮಕಿ ಕಂಕುಳಿಗೆ ಚುಚ್ಚುತ್ತದೆ, ಮುಟ್ಟಿ ನೋಡು.’ ‘ಇದನ್ನು ದೊಡ್ಡವರ ಮೈಗೆ ಹೊಲಿದಿದ್ದಾರೆ, ನಿನಗೆ ಸರಿಯಾಗಿ ಹೊಲಿದಿಲ್ಲ.’ ಇದು ನಿಜವೂ ಹೌದು, ಮಗುವಿಗೆ ಅರ್ಥವೂ ಆಗುತ್ತದೆ.

ಹೊಳೆಯುವುದೆಲ್ಲ ಬೇಡ ಎಂದು ಹಟ ಹಿಡಿಯಬೇಡಿ. ಮಗುವಿಗೆ ಮಿಂಚು ಬೇಕು, ಗಿರಗಿರ ತಿರುಗುವ ಘೇರು ಬೇಕು, ಅದು ಅದರ ಹಕ್ಕು. ಬೇಕಾದಷ್ಟು ನೆರಿಗೆಯ, ಕಣ್ಣು ಕುಕ್ಕುವ ಬಣ್ಣದ, ಹಾಯಾದ ಫ್ರಾಕು ಹೊಲಿಯಬಹುದು, ನಾನೇ ಹೊಲಿಯುತ್ತೇನೆ. ಎರಡು ಮೂರು ಸರಿಯಾದವನ್ನು ನೀವು ಮೊದಲೇ ಆರಿಸಿ, ಕೊನೆಯ ಆಯ್ಕೆಯನ್ನು ಮಗುವಿಗೇ ಬಿಡಿ.

ನೆಂಟರ ಉಡುಗೊರೆ ಬಂದಾಗ ಕಷ್ಟ. ಪ್ರೀತಿಯಿಂದ ತಂದ ಅತ್ತಿಗೆಗೆ ಮುಖಕ್ಕೆ ಹೊಡೆದಂತೆ ಹೇಳಲಾಗದು. ‘ಅತ್ತಿಗೆ, ಬಣ್ಣ ತುಂಬ ಚೆನ್ನಾಗಿದೆ. ಇವಳು ಒಂದು ಕಡೆ ನಿಲ್ಲುವವಳಲ್ಲ, ಒಳಗೊಂದು ಅಸ್ತರು ಹಾಕಿಸಿ ತೊಡಿಸುತ್ತೇನೆ’ ಎಂದರೆ ಯಾರ ಮನಸ್ಸೂ ನೋಯುವುದಿಲ್ಲ. ಮುಂದಿನ ಸಲಕ್ಕೆ ಅಳತೆಯನ್ನೂ ಬೇಕಾದ ಬಗೆಯನ್ನೂ ನೀವೇ ಮೊದಲು ತಿಳಿಸಿ.

ಅಸ್ತರಿನ ಮಾತು ನೆಪಕ್ಕೆ ಹೇಳಿದ್ದಲ್ಲ. ಎಷ್ಟೋ ಬಟ್ಟೆಗಳನ್ನು ಹೀಗೇ ಉಳಿಸಿಕೊಳ್ಳಬಹುದು. ಸ್ಪಂಜಿದ್ದರೆ ಬಟ್ಟೆಯನ್ನು ಒಳಮಗ್ಗುಲಾಗಿಸಿ, ಕಂಕುಳಿನ ಕೆಳಗೆ ಅಸ್ತರಿನ ಹೊಲಿಗೆಯನ್ನು ಸಣ್ಣ ಕತ್ತರಿಯ ತುದಿಯಿಂದ ಎರಡು ಬೆರಳು ಹೋಗುವಷ್ಟು ಬಿಚ್ಚಿ. ಸ್ಪಂಜು ಅಂಚಿನಲ್ಲಿ ನಾಲ್ಕಾರು ಹೊಲಿಗೆಗಳಿಂದ ನಿಂತಿದ್ದರೆ ಅವನ್ನು ಕತ್ತರಿಸಿ, ಮಡಚಿ ಹೊರಗೆಳೆದು, ಬಿಚ್ಚಿದ ಜಾಗವನ್ನು ಕೈಹೊಲಿಗೆಯಲ್ಲಿ ಮುಚ್ಚಿ. ಹೊರಬಟ್ಟೆಗೇ ಅಂಟಿಸಿದ್ದರೆ ಕೈಬಿಡಿ, ಹರಿಯುತ್ತದೆ. ಗಿಡ್ಡ ಫ್ರಾಕಿನ ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಡಿ. ತೆಳ್ಳನೆಯ ಜಾಲರಿಗೆ ಹತ್ತಿಯ ಅಸ್ತರು ಕೊಡಿ. ಕೆಟ್ಟ ಬರಹದ ಮೇಲೆ ಮಗುವೇ ಬಿಡಿಸಿದ ಆಕಾರದಲ್ಲಿ ಬಟ್ಟೆಯ ತುಂಡು ಕತ್ತರಿಸಿ ಹೊಲಿಯಿರಿ. ಡೈನೊಸಾರ್ ಎಂದು ಹೇಳಿ ಬಿಡಿಸಿದ್ದು ಆಲೂಗಡ್ಡೆಯಂತಿದ್ದರೂ ಚಿಂತೆಯಿಲ್ಲ.

ದೂರು ಬರೆಯುವಾಗ

ಮೇಲೆ ಹೇಳಿದ ಕಂಪನಿಗಳು ಮಾಲು ಹಿಂತೆಗೆದದ್ದು ಗ್ರಾಹಕರು ದನಿ ಎತ್ತಿದ್ದಕ್ಕೆ. ಬ್ರಿಟನ್ನಿನಲ್ಲಿ 2011ರಲ್ಲಿ ರೆಗ್ ಬೈಲಿ ಎಂಬವರು ಬಾಲ್ಯದ ಮೇಲಿನ ವ್ಯಾಪಾರಿ ಒತ್ತಡಗಳ ಬಗ್ಗೆ ಸರ್ಕಾರಕ್ಕೆ ಕೊಟ್ಟ ವರದಿಯ ಮೇಲೆ, ಹೆತ್ತವರು ಒಂದೇ ಕಡೆ ದೂರಬಹುದಾದ ವ್ಯವಸ್ಥೆಯನ್ನು ಅಲ್ಲಿನ ನಿಯಂತ್ರಣ ಸಂಸ್ಥೆಗಳು ಕೂಡಿ ಮಾಡಿದವು. ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವೂ ಮಕ್ಕಳ ಉಡುಪಿಗೆ ಮಾರ್ಗಸೂಚಿ ಬರೆದುಕೊಂಡಿತು. ಭಾರತದಲ್ಲಿ ಜಾಹೀರಾತಿನ ಬಗ್ಗೆ ಜಾಹೀರಾತು ಮಾನದಂಡ ಮಂಡಳಿಗೆ ದೂರು ಕೊಡಬಹುದು. ಬಟ್ಟೆಯ ಬಗ್ಗೆ ನೇರವಾಗಿ ತಯಾರಕರಿಗೇ ಬರೆಯುವುದು ಒಳ್ಳೆಯದು, ಏಕೆಂದರೆ ಪತ್ರ ಕೊನೆಗೆ ನನ್ನಂಥವರ ಮೇಜಿಗೇ ಬಂದು ಬೀಳುತ್ತದೆ.

ಮೇಜಿನ ಈಚೆಯಿಂದ ಹೇಳುತ್ತೇನೆ, ಕೇಳಿ. ‘ನಿಮಗೆ ಹೆಣ್ಣುಮಕ್ಕಳಿಲ್ಲವೇ’ ಎಂದು ಶುರುವಾಗುವ ಪತ್ರವನ್ನು ಯಾರೂ ಎರಡನೆಯ ಪುಟದವರೆಗೆ ಓದುವುದಿಲ್ಲ. ಚೀಟಿಯ ಮೇಲಿನ ಮಾಲಿನ ಸಂಖ್ಯೆ, ವಯಸ್ಸಿನ ಅಳತೆ, ಕೊಂಡ ದಿನ ಬರೆಯಿರಿ. ಆಮೇಲೆ ಒಂದು ಪ್ರಶ್ನೆ ಕೇಳಿ: ‘5–6 ವರ್ಷದವರಿಗೆಂದು ಗುರುತಿಸಿದ ಈ ಈಜುಡುಗೆಯ ಎದೆಭಾಗದಲ್ಲಿ ಸ್ಪಂಜು ಇದೆ. ಈ ವಯಸ್ಸಿನ ಮಗುವಿಗೆ ಅದರ ಉಪಯೋಗವೇನು ಎಂದು ದಯವಿಟ್ಟು ತಿಳಿಸಿ.’ ಇದಕ್ಕೆ ಉತ್ತರ ಬರೆಯಲು ಕೂತವರಿಗೆ ಬರೆಯಲು ಏನೂ ಸಿಗುವುದಿಲ್ಲ. ವಿನ್ಯಾಸದವರನ್ನು ಕರೆಸುತ್ತಾರೆ, ವಿನ್ಯಾಸದವರು ದೊಡ್ಡವರ ಪ್ಯಾಟರ್ನನ್ನೇ ಕುಗ್ಗಿಸಿದ್ದೇವೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಒಳಮಗ್ಗುಲಿನ ಫೋಟೊ ಲಗತ್ತಿಸಿ, ಬಟ್ಟೆ ಮಾತ್ರ ಇರಲಿ, ತೊಟ್ಟ ಮಗು ಬೇಡ. ಸಿಟ್ಟಿನಲ್ಲಿ ಅದೇ ಫೋಟೊವನ್ನು ಬ್ರಾಂಡಿನ ಹೆಸರಿನ ಸಮೇತ ಎಲ್ಲೆಡೆ ಹಂಚಬೇಡಿ, ಪುಕ್ಕಟೆ ಪ್ರಚಾರವಾಗುತ್ತದೆ. ಉತ್ತರ ಬರುವವರೆಗೆ ಬಿಲ್ಲನ್ನೂ ಚೀಟಿಯನ್ನೂ ಎತ್ತಿಡಿ, ಬಟ್ಟೆಯನ್ನು ಒಗೆಯಬೇಡಿ. ಒಗೆದ ಮಾಲನ್ನು ವಾಪಸು ಪಡೆಯಲು ಅಂಗಡಿಯವರು ಒಪ್ಪುವುದು ಕಷ್ಟ.